ಸ್ಟೋರಿಗೆ ಬಂದ ಸ್ಪೀಕರ್

2025 ಜೂನ್ 14, ಶನಿವಾರ

ಮರಗಸಿಗೆ, ಅಂದರೆ ತೋಟದ ನೆರಳಿನ ಮರಗಳ ಕೊಂಬೆ ಸವರಲು, ಬರ್ತೀವಿ ಅಂದವರು ಇವತ್ತೂ ಬರಲಿಲ್ಲ. ಮಳೆಯಲ್ಲಿ ಮರ ಹತ್ತಿ ಅಂತ ಹೇಳುವುದಕ್ಕೂ ಆಗುವುದಿಲ್ಲ. ಕರೆಂಟ್ ಮಧ್ಯಾಹ್ನವೇ ಹೋಗಿದೆ. ಆದರೆ ನಾನು ಬರೆಯಲು ಕೂತಿದ್ದು ಇದಕ್ಕಲ್ಲ. ಪುಟ್ಟು ಬಂದಿದ್ದ.

ಜೀಪಿನಿಂದ ಎರಡು ದೊಡ್ಡ ಸ್ಪೀಕರ್, ಒಂದು ಮಿಕ್ಸರ್, ಗೋಣಿಚೀಲ ತುಂಬಾ ವೈರು ಇಳಿಸಿದ. “ಮಾವ, ನಿಮ್ಮ ಸ್ಟೋರಲ್ಲಿ ಇಡಬಹುದಾ? ಮನೇಲಿ ಜಾಗ ಇಲ್ಲ ಅಂತಾಳೆ ಅಮ್ಮ.” ಅಕ್ಕನ ಮನೆಯಲ್ಲಿ ಜಾಗ ಇಲ್ವಂತೆ! ಅವಳ ಕಣ್ಣೆದುರು ಅವು ಇರಬಾರದು, ಅಷ್ಟೇ. ಬೆಳಿಗ್ಗೆ ಬೇರೆ ಫೋನ್ ಮಾಡಿ, “ಅವನಿಗೆ ಸ್ವಲ್ಪ ಬುದ್ಧಿ ಹೇಳು” ಅಂದಿದ್ದಳು. ಕರಿಮೆಣಸಿನ ಚೀಲ ಸರಿಸಿ ಜಾಗ ಮಾಡಿಕೊಟ್ಟೆ. ಹುಡುಗ ಕೆಳಗೆ ಹಲಗೆ ಹಾಕಿ, ಮೇಲೆ ಟಾರ್ಪಾಲು ಹೊದಿಸಿ, ಮೂಲೆಗಳನ್ನೂ ಸಿಕ್ಕಿಸಿದ. ಹೋಂವರ್ಕನ್ನು ಇಷ್ಟು ಮುತುವರ್ಜಿಯಿಂದ ಮಾಡಿದ್ದನ್ನು ನಾನು ನೋಡಿಲ್ಲ.

ಅಂದರೆ ಪುಟ್ಟುವಿನ ಬ್ಯಾಂಡು ಮುಗಿಯಿತು. ಮೊದಲ ಪಿಯುಸಿಯಲ್ಲಿ ಶುರುವಾಗಿದ್ದು, ಎರಡನೇ ಪಿಯುಸಿ ರಿಸಲ್ಟಿಗೆ ಮುಗಿಯಿತು. ಮೂವರೇ ಇದ್ದಿದ್ದು. ಪದ ಪುಟ್ಟುವಿನದು. ಬೀಟ್ ಪೊನ್ನಂಪೇಟೆ ಹುಡುಗನದು. ಅವನ ತಾತ ಕೊಡವರ ಸುಗ್ಗಿಹಬ್ಬ ಪುತ್ತರಿಯಲ್ಲಿ ದುಡಿ ಅನ್ನುವ ಸಣ್ಣ ವಾದ್ಯ ಬಾರಿಸುತ್ತಾ ಬಾಳೋಪಾಟ್ ಅನ್ನುವ ಜನಪದ ಹಾಡು ಹಾಡುವವರು. ತಾತನ ದುಡಿಯನ್ನೇ ಮೊಬೈಲಲ್ಲಿ ರೆಕಾರ್ಡ್ ಮಾಡಿ, ತುಂಡು ಮಾಡಿ ಜೋಡಿಸಿ, ಅದರ ಕೆಳಗೆ ಬೇಸ್ ಕೂರಿಸಿದ್ದ. ಮೂರನೆಯವನು ಆ ಉದ್ದ ಕೂದಲಿನ ಹುಡುಗ. ಅವನು ಏನೂ ಮಾಡಬೇಕಾಗಿರಲಿಲ್ಲ. ಮೈಕ್ ಹಿಡಿದು ನಿಂತರೆ ಜನ ಅವನನ್ನೇ ನೋಡುತ್ತಿದ್ದರು.

ದಸರಾದಲ್ಲಿ ಗಾಂಧಿ ಮೈದಾನದಲ್ಲಿ ಹಾಡಿದಾಗ ನಾನೂ ಹೋಗಿದ್ದೆ. ಬೇಸ್ ಎಷ್ಟಿತ್ತು ಅಂದರೆ ಒಂದು ಪದವೂ ಅರ್ಥವಾಗಲಿಲ್ಲ. ಆದರೂ ಮನೆಗೆ ಬರುವವರೆಗೂ ಸ್ಟೇರಿಂಗ್ ಮೇಲೆ ತಾಳ ಹಾಕುತ್ತಲೇ ಇದ್ದೆ.

ಈಗ ಪೊನ್ನಂಪೇಟೆಯವನು ಅಗ್ನಿವೀರ್‌ಗೆ ಅಂತ ಬೆಳಿಗ್ಗೆ ಬೆಳಿಗ್ಗೆ ಓಡುತ್ತಿದ್ದಾನಂತೆ. ಉದ್ದ ಕೂದಲಿನವನು ಹೋಟೆಲ್ ಮ್ಯಾನೇಜ್‌ಮೆಂಟ್ ಓದಲು ಮಂಗಳೂರಿಗೆ. ಕೂದಲು ಕತ್ತರಿಸಬೇಕು ಅಂದಿದ್ದಾರಂತೆ. ನಮ್ಮವನು ಮೈಸೂರಲ್ಲಿ ಬಿ.ಕಾಂ.

ಜಗಲಿಯಲ್ಲಿ ಕಾಫಿ ಕುಡಿಯುತ್ತಾ ಕೂತೆವು. ಹುಡುಗ ಮಾತಾಡಲಿಲ್ಲ. ಬುದ್ಧಿ ಹೇಳುವುದು ನನಗೆ ಬರುವುದಿಲ್ಲ. ಕಥೆ ಬರುತ್ತದೆ. ಅದಕ್ಕೆ ಕ್ರಿಸ್ ಕ್ರಾಸ್ ಕಥೆ ತೆಗೆದೆ.

“ಯಾರು ಮಾವ ಅದು?”

ಗೊತ್ತೇ ಇಲ್ಲ ಅವನಿಗೆ! 1992ರಲ್ಲಿ ಇಡೀ ಜಗತ್ತು ಆ ಇಬ್ಬರ ಹಿಂದೆ ಬಿದ್ದಿತ್ತು. ಅಟ್ಲಾಂಟಾದ ರ‍್ಯಾಪ್ ಹಾಡುವ ಹುಡುಗರು, ಕ್ರಿಸ್ ಕೆಲ್ಲಿ ಮತ್ತು ಕ್ರಿಸ್ ಸ್ಮಿತ್. ಇಬ್ಬರಿಗೂ 13 ವರ್ಷ. ‘ಜಂಪ್’ ಅನ್ನುವ ಹಾಡು ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ 8 ವಾರ ಮೊದಲನೇ ಸ್ಥಾನ ಬಿಟ್ಟು ಕದಲಲಿಲ್ಲ. ಮೊದಲ ಆಲ್ಬಮ್ ಅಮೆರಿಕದಲ್ಲೇ 40 ಲಕ್ಷ ಪ್ರತಿ ದಾಟಿತು. ಅದೇ ವರ್ಷ ಮೈಕಲ್ ಜಾಕ್ಸನ್ ಯುರೋಪ್ ಪ್ರವಾಸ ಹೋದಾಗ ಅವನಿಗಿಂತ ಮೊದಲು ವೇದಿಕೆ ಹತ್ತಿದವರು ಇವರು. ಪ್ಯಾಂಟು, ಶರ್ಟು ಎರಡನ್ನೂ ಹಿಂದುಮುಂದಾಗಿ ಹಾಕುತ್ತಿದ್ದರು. ಜಿಪ್ ಹಿಂದೆ! ಅದೇ ಅಟ್ಲಾಂಟಾದಲ್ಲಿ ಇನ್ನೊಂದು ಮಕ್ಕಳ ಗುಂಪಿತ್ತು, ಅನದರ್ ಬ್ಯಾಡ್ ಕ್ರಿಯೇಶನ್ ಅಂತ. ಅವರು ಬಟ್ಟೆಯ ಒಳಮಗ್ಗುಲು ಹೊರಗೆ ಮಾಡಿ ಹಾಕುವವರು. ಅವರನ್ನು ಇವರು ಹಾಡಿನಲ್ಲೇ ಕೆಣಕಿದ್ದರು.

“ಅಂದ್ರೆ ಡಿಸ್ ಟ್ರ್ಯಾಕ್! ಬಟ್ಟೆ ವಿಷಯಕ್ಕೆ!” ಮೊದಲ ಸಲ ನಕ್ಕ.

ನಾನು ಅದನ್ನು ನೋಡಿದ್ದು ಪಕ್ಕದ ತೋಟದ ಕೊಡವ ಅಜ್ಜಿಯ ಮನೆಯಲ್ಲಿ. ನಮ್ಮ ಕಡೆ ಮೊದಲು ಡಿಶ್ ಹಾಕಿಸಿದ್ದು ಅವರೇ. ನಾವು ಹುಡುಗರೆಲ್ಲ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರೆ ಅಜ್ಜಿ ಹಿಂದಿನಿಂದ ಬಂದು ಹೇಳಿದ್ದು ಇನ್ನೂ ನೆನಪಿದೆ: “ನಮ್ಮ ಸೀರೆ ನೆರಿಗೆ ಹಿಂದಕ್ಕೆ ತಳ್ಳಿದ್ದು ಕಾವೇರಮ್ಮ. ಈ ಮಕ್ಕಳ ಪ್ಯಾಂಟು ಯಾರು ತಳ್ಳಿದ್ದು?” ಬಲಮುರಿಯಲ್ಲಿ ಹೊಳೆಯಾಗಿ ಹರಿದ ಕಾವೇರಿಯನ್ನು ತಡೆಯಲು ಹೋದಾಗ ನೀರಿನ ರಭಸಕ್ಕೆ ಹೆಂಗಸರ ನೆರಿಗೆ ಹಿಂದೆ ಸರಿಯಿತು ಅನ್ನುತ್ತಾರಲ್ಲ, ಅದು. ಅಜ್ಜಿ ಹೋಗಿ ಎಷ್ಟೋ ವರ್ಷವಾಯಿತು. ಅಂಥ ತಮಾಷೆ ಮಾಡುವವರು ಈಗ ಯಾರಿದ್ದಾರೆ?

“ಆಮೇಲೆ?” ಅಂದ ಪುಟ್ಟು.

ಆಮೇಲೆ 1993ರಲ್ಲಿ ಎರಡನೇ ಆಲ್ಬಮ್. ಮೊದಲಿನಷ್ಟು ಓಡಲಿಲ್ಲ. ದನಿ ಒಡೆದಿತ್ತು, ಮೀಸೆ ಬರುತ್ತಿತ್ತು. 1996ರಲ್ಲಿ ಮೂರನೆಯದು. ಅಲ್ಲಿಗೆ ಮುಗಿಯಿತು. ಇನ್ನೂ 20 ಆಗಿರಲಿಲ್ಲ ಇಬ್ಬರಿಗೂ.

“ಆಮೇಲೆ?”

ಇವನು ಬಿಡುವ ಹಾಗಿರಲಿಲ್ಲ. ಸ್ಮಿತ್ ಚಿತ್ರಕಲೆಯ ಕಡೆ ಹೋದ ಅಂದೆ. 2013ರ ಫೆಬ್ರವರಿಯಲ್ಲಿ ಅಟ್ಲಾಂಟಾದಲ್ಲಿ ಇಬ್ಬರೂ ಮತ್ತೆ ಒಂದೇ ವೇದಿಕೆ ಹತ್ತಿದರು ಅಂದೆ. ಅಲ್ಲಿಗೇ ನಿಲ್ಲಿಸಿ ಕಾಫಿ ಲೋಟ ತೆಗೆದುಕೊಂಡು ಏಳೋಣ ಅಂತಿದ್ದೆ. ಅಷ್ಟರಲ್ಲಿ ಇವನು ಮೊಬೈಲ್ ತೆಗೆದು ನೋಡಿಯೇಬಿಟ್ಟ. ಅದೇ ವರ್ಷ ಮೇ 1ಕ್ಕೆ ಕೆಲ್ಲಿ ತೀರಿಕೊಂಡ. ಡ್ರಗ್ಸ್ ಜಾಸ್ತಿಯಾಗಿ. 34 ವರ್ಷ. ನನಗಿಂತ ಒಂದೇ ವರ್ಷ ದೊಡ್ಡವನು.

ಸಮಾಧಾನ ಮಾಡಲು ಶುರು ಮಾಡಿದ ಕಥೆ ಎಲ್ಲಿಗೆ ಬಂತು ನೋಡಿ. ಆದರೆ ಇವನು ಅಲ್ಲಿ ನಿಲ್ಲಲಿಲ್ಲ. ಸ್ಕ್ರೋಲ್ ಮಾಡುತ್ತಲೇ ಇದ್ದ.

“ಮಾವ, ಈ ಜರ್ಮೇನ್ ಡುಪ್ರಿ ಯಾರು?”

ಆ ಇಬ್ಬರನ್ನೂ 1991ರಲ್ಲಿ ಅಟ್ಲಾಂಟಾದ ಒಂದು ಮಾಲ್‌ನಲ್ಲಿ ನೋಡಿ ಹಿಡಿದುಕೊಂಡು ಬಂದವನು. ಹಾಡು ಬರೆದವನು, ಬೀಟ್ ಮಾಡಿದವನು. ಆಗ ಅವನಿಗೇ 20 ತುಂಬಿರಲಿಲ್ಲ. ಆಮೇಲೆ ಗಾಯಕ ಅಶರ್‌ಗೆ ಮಾಡಿದ, ಗಾಯಕಿ ಮರಾಯಾ ಕ್ಯಾರಿಗೆ ಮಾಡಿದ. 2005ರಲ್ಲಿ ಅವಳ ಜೊತೆ ಮಾಡಿದ ಒಂದು ಹಾಡು 14 ವಾರ ಮೊದಲನೇ ಸ್ಥಾನದಲ್ಲಿತ್ತು. 2018ರಲ್ಲಿ ಸಾಂಗ್‌ರೈಟರ್ಸ್ ಹಾಲ್ ಆಫ್ ಫೇಮ್‌ಗೂ ಸೇರಿಸಿದರು.

“ಅಂದ್ರೆ ಪದ ಅವನದು, ಬೀಟ್ ಅವನದು. ಹಾಗಾದ್ರೆ ಆ ಇಬ್ಬರದ್ದು ಅಂತ ಏನಿತ್ತು?”

ದನಿ ಇತ್ತು, ಮುಖ ಇತ್ತು ಅಂದೆ.

ಸ್ವಲ್ಪ ಹೊತ್ತು ಸುಮ್ಮನಿದ್ದು, “ನಮ್ಮಲ್ಲಿ ಅದು ಅವನು, ಅಲ್ವಾ?” ಅಂದ. ಹೆಸರು ಹೇಳಲಿಲ್ಲ. ಉದ್ದ ಕೂದಲಿನವನ ಬಗ್ಗೆ ಅಂತ ನನಗೆ ಗೊತ್ತಾಯಿತು. “ನಾನು ಮೈಸೂರಲ್ಲೂ ಬರೀಬಹುದು. ಇವನು ಮಿಲಿಟರಿಗೆ ಹೋದ್ರೂ ಫೋನಲ್ಲಿ ಬೀಟ್ ಮಾಡ್ತಾನೆ. ಅವನು ಏನು ಮಾಡ್ತಾನೆ ಮಾವ?”

ನಾನು ಇಡೀ ಮಧ್ಯಾಹ್ನ ಪುಟ್ಟುವಿನ ಚಿಂತೆಯಲ್ಲಿದ್ದೆ. ಅವನು ಇನ್ನೊಬ್ಬನ ಚಿಂತೆಯಲ್ಲಿದ್ದ. ಊರಲ್ಲಿ ಹುಡುಗಿಯರು ಸೆಲ್ಫಿ ಕೇಳುತ್ತಿದ್ದುದು ಅವನನ್ನು. ಪೆಟ್ರೋಲ್ ಬಂಕಿನವನಿಗೂ ಅವನ ಹೆಸರು ಗೊತ್ತು. ನಮ್ಮವನನ್ನು ಯಾರೂ ಗುರುತಿಸುವುದಿಲ್ಲ. ನನಗೆ ಅದರ ಬಗ್ಗೆ ಒಳಗೊಳಗೇ ಸಿಟ್ಟಿತ್ತು, ಈಗ ಹೇಳಬಹುದು. ಆದರೆ ಮಂಗಳೂರಿನ ಹಾಸ್ಟೆಲಿನಲ್ಲಿ ಕೂದಲು ಕತ್ತರಿಸಿಕೊಂಡು ಟ್ರೇ ಹಿಡಿಯುವುದನ್ನು ಕಲಿಯುವಾಗ ಆ ಹುಡುಗನನ್ನು ಯಾರು ಗುರುತಿಸುತ್ತಾರೆ? ಹೋಟೆಲ್ ಕೆಲಸ ಒಳ್ಳೆಯದೇ, ಊಟಕ್ಕೆ ತೊಂದರೆ ಇಲ್ಲ. ನಾನು ಹೇಳುತ್ತಿರುವುದು ಅದಲ್ಲ.

ದುಡಿ ಹಿಡಿದ ತಾತನಿಗೆ ಈ ತಾಪತ್ರಯವೇ ಇಲ್ಲ, ಅಲ್ವಾ? ಬಾಳೋಪಾಟಿಗೆ ನಾಲ್ವರು ನಿಲ್ಲುತ್ತಾರೆ. ನಾಲ್ವರ ಕೈಯಲ್ಲೂ ದುಡಿ. ಯಾರ ಮನೆಗೆ ಹೋದರೆ ಆ ಮನೆತನದ ಹೆಸರು ಹಾಡಿನಲ್ಲಿ ಬರುತ್ತದೆ. ಹುಡುಗರ ಬ್ಯಾಂಡು ನೋಡಿ ತಾತ, “ಚೆನ್ನಾಗಿದೆ, ಆದ್ರೆ ಇದನ್ನ ಮುದುಕರಾದ ಮೇಲೆ ಹೇಗೆ ಕುಣೀತೀರಿ?” ಅಂದಿದ್ದರಂತೆ. ಪುಟ್ಟು ಇದನ್ನು ಹೇಳಿ ಬಿದ್ದು ಬಿದ್ದು ನಕ್ಕ.

ಯೂಟ್ಯೂಬ್ ಚಾನೆಲಿನ ಪಾಸ್‌ವರ್ಡ್ ಉದ್ದ ಕೂದಲಿನವನ ಹತ್ತಿರವೇ ಇದೆಯಂತೆ. ಇಸ್ಕೊಳ್ಳೋ ಅಂದೆ. “ಬೇಡ ಮಾವ, ಅವನ ಹತ್ರಾನೇ ಇರ್ಲಿ” ಅಂದ.

ಅವನು ಹೋದ ಮೇಲೆ ಅಕ್ಕ ಫೋನ್ ಮಾಡಿದಳು. ಬುದ್ಧಿ ಹೇಳಿದೆಯಾ ಅಂದಳು. ಹೂಂ ಅಂದೆ. ಸ್ಪೀಕರ್ ಯಾರಿಗಾದರೂ ಮಾರಿಬಿಡು, ದುಡ್ಡು ಹಾಸ್ಟೆಲ್ ಫೀಸಿಗೆ ಆಗುತ್ತೆ ಅಂದಳು. ನೋಡೋಣ, ಮಳೆಗಾಲ ಕಳೀಲಿ ಅಂದಿದ್ದೇನೆ. ಮಳೆಗಾಲ ಕಳೆದರೆ ದಸರಾ. ಆಗ ಆ ಮೂವರಿಗೂ ರಜೆ ಸಿಕ್ಕಿದರೆ, ಅಥವಾ ಇಬ್ಬರಿಗಾದರೂ