ಮೆಲಟೋನಿನ್ ಮತ್ತು ರೋಗನಿರೋಧಕ ಶಕ್ತಿ: ಅರ್ಧಸತ್ಯದ ಆಚೆಗೆ

ಮೆಲಟೋನಿನ್ ನಿದ್ರೆಯ ಹಾರ್ಮೋನು ಎಂಬುದು ಹಲವರಿಗೆ ಗೊತ್ತು. ಈಚೆಗೆ ಅದನ್ನು ‘ಇಮ್ಯುನಿಟಿ’ ಹೆಚ್ಚಿಸುವ ಮಾತ್ರೆಯೆಂದೂ ಮಾರುತ್ತಿದ್ದಾರೆ. ಈ ಮಾತು ಪೂರ್ತಿ ಸುಳ್ಳಲ್ಲ, ಆದರೆ ಕೆಲವರ ಮಟ್ಟಿಗೆ ಅಪಾಯಕ್ಕೆ ದಾರಿಯಾಗಬಲ್ಲ ಅರ್ಧಸತ್ಯ.

1958ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಚರ್ಮವೈದ್ಯ ಆರನ್ ಲರ್ನರ್ ಮತ್ತು ಸಂಗಡಿಗರು ದನಗಳ ಮಿದುಳಿನಲ್ಲಿರುವ ಪುಟ್ಟ ಪೀನಿಯಲ್ ಗ್ರಂಥಿಯಿಂದ ಇದನ್ನು ಬೇರ್ಪಡಿಸಿದಾಗ ಅವರ ಗಮನವಿದ್ದದ್ದು ಚರ್ಮದ ಬಣ್ಣದ ಮೇಲೆ. ರೋಗನಿರೋಧಕ ವ್ಯವಸ್ಥೆಯೊಂದಿಗೆ ಇದಕ್ಕಿರುವ ನಂಟನ್ನು ಎತ್ತಿ ತೋರಿಸಿದ್ದು ಸ್ವಿಟ್ಜರ್ಲೆಂಡಿನ ಜಾರ್ಜ್ ಮೇಸ್ಟ್ರೋನಿ ಮತ್ತು ಸಂಗಡಿಗರು 1986ರಲ್ಲಿ ಪ್ರಕಟಿಸಿದ ಪ್ರಯೋಗ. ಇಲಿಗಳಿಗೆ ಸಂಜೆಯ ಹೊತ್ತು ಪ್ರೊಪ್ರನೊಲಾಲ್ ಎಂಬ ಔಷಧ ಕೊಟ್ಟು ರಾತ್ರಿಯ ಮೆಲಟೋನಿನ್ ತಯಾರಿಯನ್ನು ತಡೆದಾಗ, ದೇಹಕ್ಕೆ ಸೇರಿಸಿದ ಬೇರೆ ಪ್ರಾಣಿಯ ರಕ್ತಕಣಗಳ ವಿರುದ್ಧ ಅವು ಪ್ರತಿಕಾಯಗಳನ್ನು ತಯಾರಿಸುವ ಪ್ರಮಾಣ ಕುಗ್ಗಿತು. ಹಗಲು ಇಳಿಯುವ ವೇಳೆಗೆ ಮೆಲಟೋನಿನ್ ಕೊಟ್ಟಾಗ ಚೇತರಿಸಿಕೊಂಡಿತು. ಎಷ್ಟು ಕೊಟ್ಟರು ಎಂಬುದರಷ್ಟೇ ಯಾವ ಹೊತ್ತಿನಲ್ಲಿ ಕೊಟ್ಟರು ಎಂಬುದೂ ಇಲ್ಲಿ ಮುಖ್ಯ.

ನಮ್ಮ ದೇಶದಲ್ಲೂ ಈ ಕೆಲಸ ನಡೆದಿದೆ. ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಚಂದನಾ ಹಲ್ದಾರ್ ಅವರ ತಂಡ ಉತ್ತರ ಭಾರತದ ಐದು ಪಟ್ಟೆಯ ಅಳಿಲನ್ನು (ನಮ್ಮ ಅಂಗಳದ ಮೂರು ಪಟ್ಟೆಯ ಅಳಿಲಿನ ಹತ್ತಿರದ ಸಂಬಂಧಿ) ದೀರ್ಘಕಾಲ ಅಧ್ಯಯನ ಮಾಡಿ, ಋತುಮಾನಕ್ಕೆ ತಕ್ಕಂತೆ ಅದರ ಮೆಲಟೋನಿನ್ ಮತ್ತು ರೋಗನಿರೋಧಕ ಶಕ್ತಿ ಜೊತೆಯಾಗಿ ಏರಿಳಿಯುವುದನ್ನು ದಾಖಲಿಸಿತು. ಮನುಷ್ಯನ ಲಿಂಫೋಸೈಟ್‌ಗಳು, ಅಂದರೆ ಒಂದು ಬಗೆಯ ಬಿಳಿ ರಕ್ತಕಣಗಳು, ತಾವೇ ಮೆಲಟೋನಿನ್ ತಯಾರಿಸಬಲ್ಲವೆಂದು 2004ರಲ್ಲಿ ಸ್ಪೇನಿನ ಸೆವಿಲ್ಲೆಯ ಸಂಶೋಧಕರು ತೋರಿಸಿದರು.

ಹಾಗಾದರೆ ಹೆಚ್ಚಿದಷ್ಟೂ ಒಳ್ಳೆಯದೇ? ಅಲ್ಲ. ಮೆಲಟೋನಿನ್ ಸೊರಗಿದ ರೋಗನಿರೋಧಕ ವ್ಯವಸ್ಥೆಯನ್ನು ಚುರುಕುಗೊಳಿಸುತ್ತದೆ, ಉರಿಯೂತ ಮಿತಿಮೀರಿದಾಗ ಹಲವು ಸಲ ಅದನ್ನು ತಗ್ಗಿಸುತ್ತದೆ. ಯಾವಾಗ ಯಾವುದನ್ನು ಮಾಡುತ್ತದೆ ಎಂಬುದು ರೋಗದಿಂದ ರೋಗಕ್ಕೆ ಬದಲಾಗುತ್ತದೆ. ಅರ್ಜೆಂಟೀನಾದ ಬ್ಯೂನಸ್ ಐರಿಸ್‌ನ ಮಲ್ಟಿಪಲ್ ಸ್ಕ್ಲೆರೋಸಿಸ್ (ರೋಗನಿರೋಧಕ ವ್ಯವಸ್ಥೆಯೇ ನರಗಳ ಹೊದಿಕೆಯ ಮೇಲೆ ದಾಳಿ ಮಾಡುವ ಕಾಯಿಲೆ) ರೋಗಿಗಳಲ್ಲಿ ರಾತ್ರಿ ದೀರ್ಘವಾಗಿರುವ ತಿಂಗಳುಗಳಲ್ಲಿ ರೋಗ ಮರುಕಳಿಸುವುದು ಕಡಿಮೆಯೆಂದೂ, ಉರಿಯೂತ ಹೆಚ್ಚಿಸುವ ಟಿಎಚ್-17 ಎಂಬ ರೋಗನಿರೋಧಕ ಕೋಶಗಳ ಬೆಳವಣಿಗೆಯನ್ನು ಮೆಲಟೋನಿನ್ ತಡೆಯುತ್ತದೆಂದೂ 2015ರ ಅಧ್ಯಯನವೊಂದು ವಿವರಿಸಿತು. ರೋಗನಿರೋಧಕ ವ್ಯವಸ್ಥೆಯೇ ಕೀಲುಗಳ ಮೇಲೆ ದಾಳಿ ಮಾಡುವ ರುಮಟಾಯ್ಡ್ ಸಂಧಿವಾತದಲ್ಲಿ ಮಾತ್ರ ಇದೇ ಹಾರ್ಮೋನು ಉರಿಯೂತಕ್ಕೆ ಇಂಬು ಕೊಡಬಹುದೆಂಬ ಶಂಕೆಯಿದೆ, ಏಕೆಂದರೆ ರಾತ್ರಿ ಮೆಲಟೋನಿನ್ ಏರಿದ ಬೆನ್ನಿಗೇ ಇಂಟರ್‌ಲ್ಯೂಕಿನ್-6ರಂಥ ಉರಿಯೂತಕಾರಿ ವಸ್ತುಗಳು ಇರುಳಿನ ಕೊನೆಯ ಜಾವದಲ್ಲಿ ಏರುತ್ತವೆ.

ಈ ಕಾಯಿಲೆಯಿರುವ ನನ್ನ ಚಿಕ್ಕಮ್ಮನಿಗೆ ಬೆಳಿಗ್ಗೆ ಎದ್ದಾಗ ಬೆರಳುಗಳು ಮಡಚುವುದಿಲ್ಲ. ಹಾಲಿನ ಪ್ಯಾಕೆಟ್ಟಿನ ಮೂಲೆ ಕತ್ತರಿಸಲೂ ಬಿಸಿಲೇರಬೇಕು. ಯಾರೋ ಪ್ರೀತಿಯಿಂದ ಅವರಿಗೆ ‘ಶಕ್ತಿ ಬರಲಿ’ ಎಂದು ಮೆಲಟೋನಿನ್ ಡಬ್ಬಿ ತಂದುಕೊಟ್ಟಾಗ, ವೈದ್ಯರನ್ನು ಕೇಳುವ ತನಕ ಅದನ್ನು ತೆರೆಯಲೇಬೇಡಿ ಎಂದು ನಾನು ಪಟ್ಟುಹಿಡಿದೆ. ಕೆನಡಾದಲ್ಲಿ 2017ರಲ್ಲಿ ಇಂಥ 31 ಪೂರಕಗಳನ್ನು ಪರೀಕ್ಷಿಸಿದಾಗ ಲೇಬಲ್ಲಿನಲ್ಲಿ ಹೇಳಿದ್ದಕ್ಕಿಂತ ಶೇ. 83ರಷ್ಟು ಕಡಿಮೆಯಿಂದ ಹಿಡಿದು ಶೇ. 478ರಷ್ಟು ಹೆಚ್ಚಿನವರೆಗೆ ಮೆಲಟೋನಿನ್ ಸಿಕ್ಕಿತ್ತು. ಹೀಗಿರುವಾಗ ವೈದ್ಯರು ಒಪ್ಪಿದರೂ ಡಬ್ಬಿಯ ಮೇಲಿನ ಮಿಲಿಗ್ರಾಂ ಲೆಕ್ಕವನ್ನು ಕಣ್ಣುಮುಚ್ಚಿ ನಂಬುವ ಹಾಗಿಲ್ಲ.