ಗ್ಲಾಸ್ಗೋ 1833: ಬೋರ್ಡ್ ಗೇಮಿಗೆ ಸಿಕ್ಕ ನಿವೃತ್ತಿಯ ನಿಯಮ

ಗ್ಲಾಸ್ಗೋ ನಗರ ಪರಿಷತ್ತಿನ ಚುನಾವಣೆಯ ಮೇಲೆ ನಾನು ಕಟ್ಟುತ್ತಿರುವ ಬೋರ್ಡ್ ಗೇಮ್ ಇಷ್ಟು ಕಾಲ ಮೊದಲ ಸುತ್ತಿನಲ್ಲೇ ಸತ್ತುಹೋಗುತ್ತಿತ್ತು. 1833ರ ನವೆಂಬರಿನಲ್ಲಿ ಐದು ವಾರ್ಡುಗಳ ಮೂವತ್ತೂ ಸ್ಥಾನಗಳಿಗೆ ಒಟ್ಟಿಗೇ ಮತದಾನ ನಡೆಯುವುದರಿಂದ, ಆ ಸುತ್ತಿನಲ್ಲಿ ಹಣ ಸುರಿದವನು ಗದ್ದುಗೆ ಹಿಡಿದು ಕೂರುತ್ತಿದ್ದ; ಉಳಿದವರು ಎರಡನೇ ವರ್ಷಕ್ಕೆ ಕಾಫಿಯ ನೆಪ ಹೇಳಿ ಏಳುತ್ತಿದ್ದರು. ಗೆದ್ದವನಿಗೆ ದಂಡ, ಸೋತವನಿಗೆ ಹೆಚ್ಚುವರಿ ಕಾರ್ಡು ಮುಂತಾದ ಮಾಮೂಲಿ ಉಪಾಯಗಳು ಆಟವನ್ನು ಎಳೆದವೇ ಹೊರತು ಉಳಿಸಲಿಲ್ಲ.

ಮದ್ದು ಆ ವರ್ಷದ ಸುಧಾರಣಾ ಕಾಯ್ದೆಯಲ್ಲೇ ಇತ್ತು. ತಮ್ಮ ಉತ್ತರಾಧಿಕಾರಿಗಳನ್ನು ತಾವೇ ಆರಿಸಿಕೊಳ್ಳುತ್ತಿದ್ದ ಹಳೆಯ ಪರಿಷತ್ತುಗಳ ಪದ್ಧತಿಯನ್ನು ಕೊನೆಗಾಣಿಸಿ, ವರ್ಷಕ್ಕೆ 10 ಪೌಂಡ್ ಬಾಡಿಗೆ ಬೆಲೆಯ ಕಟ್ಟಡದಲ್ಲಿ ವಾಸವಿದ್ದ ಗೃಹಸ್ಥರಿಗೆ ಮತ ಕೊಟ್ಟ ಆ ಕಾಯ್ದೆ, ಪ್ರತಿವರ್ಷ ಮೂರನೇ ಒಂದು ಭಾಗದ ಸದಸ್ಯರು ನಿವೃತ್ತರಾಗಬೇಕೆಂದೂ, ಮೊದಲ ಸರದಿಯಲ್ಲಿ ಅತಿ ಕಡಿಮೆ ಮತ ಪಡೆದವರೇ ಹೊರಡಬೇಕೆಂದೂ ವಿಧಿಸಿತ್ತು. ಹಾಗಾಗಿ ಪ್ರತಿ ವಾರ್ಡಿಗೂ ಆರು ಮನೆಗಳ ಒಂದು ಪಟ್ಟಿ ಬರೆದು, ಗಳಿಸಿದ ಮತದ ಕ್ರಮದಲ್ಲಿ ಬಿಲ್ಲೆಗಳನ್ನಿಟ್ಟೆ. ವರ್ಷದ ಕೊನೆಗೆ ಕೆಳಗಿನ ಎರಡು ಬಿಲ್ಲೆ ಹೊರಗೆ, ಉಳಿದ ನಾಲ್ಕು ಎರಡು ಮನೆ ಕೆಳಕ್ಕೆ, ಹೊಸದಾಗಿ ಗೆದ್ದವರು ಮೇಲಕ್ಕೆ. ಕೂದಲೆಳೆಯ ಗೆಲುವು ಈಗ ಒಂದೇ ವರ್ಷ ಬಾಳುತ್ತದೆ, ಭಾರಿ ಗೆಲುವು ಮೂರು ವರ್ಷ. ಎಲ್ಲ ವಾರ್ಡುಗಳಿಗೂ ಹಣವನ್ನು ತೆಳ್ಳಗೆ ಹರಡಿದ್ದ ನಮ್ಮ ಖಾಯಂ ವಿಜೇತ ಮರುವರ್ಷ ಹತ್ತು ಸ್ಥಾನಗಳನ್ನು ಮತ್ತೆ ಪಣಕ್ಕಿಡಬೇಕಾಗಿ ಬಂದಾಗ, ಕಾಫಿಗೆ ಎದ್ದವರು ಮರಳಿ ಕುಳಿತರು.

ವರ್ತಕರ ಮತ್ತು ಕಸುಬುದಾರರ ಸಂಸ್ಥೆಗಳಿಂದ ಪರಿಷತ್ತಿಗೆ ನೇರವಾಗಿ ಬರುತ್ತಿದ್ದ ಡೀನ್ ಆಫ್ ಗಿಲ್ಡ್ ಹಾಗೂ ಡೀಕನ್ ಕನ್ವೀನರರನ್ನು ಸದ್ಯಕ್ಕೆ ಬೋರ್ಡಿನ ಅಂಚಿನಲ್ಲಿ ಕೂರಿಸಿದ್ದೇನೆ. ಗುಪ್ತ ಮತದಾನ ಬಂದದ್ದು 1872ರಲ್ಲಾದ್ದರಿಂದ, ಎಲ್ಲರೂ ಮತದ ಘನಗಳನ್ನು ಕಣ್ಣೆದುರೇ ಇಡಬೇಕು. ಜಗಳಕ್ಕೆ ಅಷ್ಟೇ ಸಾಕು.

ಬಿಲ್ಲೆಗಳ ಕಥೆ ಬೇರೆ. ನಗರದ ಲಾಂಛನದಲ್ಲಿರುವ ಮರ, ಹಕ್ಕಿ, ಗಂಟೆ, ಮೀನುಗಳನ್ನು 3 ಮಿ.ಮೀ. ದಪ್ಪದ ಎಂಡಿಎಫ್ ಎಂಬ ಮರದ ನಾರಿನ ಹಲಗೆಯಲ್ಲಿ ಕತ್ತರಿಸಲು ಕೊಟ್ಟಿದ್ದೆ. ಆ ಮೀನು ಬಾಯಲ್ಲಿ ಉಂಗುರ ಕಚ್ಚಿಕೊಂಡಿರಬೇಕು. ಬಂದ ಮೀನುಗಳಲ್ಲಿ ಒಂದಕ್ಕೂ ಉಂಗುರವಿಲ್ಲ, ಬಾಯಿಯ ಬಳಿ ಸುಟ್ಟ ಕಪ್ಪು ಚುಕ್ಕೆ ಮಾತ್ರ ಇದೆ. ಕೇಳಿದರೆ, “ಫೈಲಿನಲ್ಲಿ ಏನೋ ಸೊನ್ನೆ ಉಳಿದುಬಿಟ್ಟಿದೆ ಅಂತ ನಾವೇ ತೆಗೆದ್ವಿ ಸಾರ್” ಎಂಬ ಉತ್ತರ. ಗ್ಲಾಸ್ಗೋದ ರಕ್ಷಕ ಸಂತ ಸೇಂಟ್ ಮಂಗೋನ ಪವಾಡದ ಮೀನು ಹೀಗೆ ಮಲ್ಪೆಯ ಬಂಗುಡೆಯಂತಾಗಿದೆ.

ಇದರ ನಡುವೆಯೇ ಮುಂದಿನ ವಿಸ್ತರಣೆ ತಲೆ ಹೊಕ್ಕಿದೆ. ನಗರದ ನಡುವಿನ ಕಿಕ್ಕಿರಿದ ಕೊಳೆಗೇರಿಗಳನ್ನು ಕೆಡವುವ ಸುಧಾರಣಾ ಕಾಯ್ದೆಗೆ 1866ರಲ್ಲಿ ಒಪ್ಪಿಗೆ ಪಡೆದ ಲಾರ್ಡ್ ಪ್ರೊವೋಸ್ಟ್ (ನಗರ ಪರಿಷತ್ತಿನ ಮುಖ್ಯಸ್ಥ) ಜಾನ್ ಬ್ಲ್ಯಾಕಿ, ಅದಕ್ಕಾಗಿ ಹೇರಿದ ತೆರಿಗೆಯ ಸಿಟ್ಟಿಗೆ ಸಿಕ್ಕಿ ಅದೇ ನವೆಂಬರಿನಲ್ಲಿ ತನ್ನ ಸ್ಥಾನವನ್ನೇ ಕಳೆದುಕೊಂಡ. ಓಣಿ ಕೆಡವಿದಷ್ಟೂ ಅಂಕ, ತೆರಿಗೆ ಏರಿದಷ್ಟೂ ಮತ ನಷ್ಟ: ನಿಯಮ ತಾನಾಗಿಯೇ ಬರೆದುಕೊಳ್ಳುತ್ತದೆ. ಆದರೆ ಅಷ್ಟರಲ್ಲಿ ವಾರ್ಡುಗಳು ಹದಿನಾರಾಗಿದ್ದವು, ವಾರ್ಡಿಗೆ ಮೂರೇ ಸ್ಥಾನ. ಪಟ್ಟಿಗಳನ್ನೆಲ್ಲ ಹೊಸದಾಗಿ ಬರೆಯಬೇಕು.