ಕಾರು ಒಪ್ಪದ ಕರೆಂಟು

"ಶಾಕ್ ಅಲ್ಲ ತಮ್ಮ, ಸ್ವಲ್ಪ ಜುಮ್ ಎನ್ನುತ್ತದೆ ಅಷ್ಟೆ."

ಮಂಗಳವಾರದಿಂದ ಈ ಮಾತು ನನ್ನ ತಲೆಯಿಂದ ಹೋಗುತ್ತಿಲ್ಲ. ಹೇಳಿದ್ದು ಹೋಂಸ್ಟೇಯ ಅಡುಗೆ ಮಾಡುವ ಅಕ್ಕ, ಗ್ರೈಂಡರ್ ಬಗ್ಗೆ. ನಾನು ಅಲ್ಲಿಗೆ ಹೋಗಿದ್ದು ಕಾರಿನ ಚಾರ್ಜರ್ ಕೂರಿಸುವುದಕ್ಕೆ.

ಕೊಟ್ಟಿಗೆಹಾರದ ಹತ್ತಿರ ಕಾಫಿ ತೋಟದ ನಡುವಿನ ಮನೆ, ನಾಲ್ಕು ಕೋಣೆ. ಕಳೆದ ವಾರಾಂತ್ಯ ಮಂಗಳೂರಿನಿಂದ ಒಂದು ಕುಟುಂಬ ಎಲೆಕ್ಟ್ರಿಕ್ ಕಾರಿನಲ್ಲಿ ಚಾರ್ಮಾಡಿ ಘಾಟಿ ಹತ್ತಿ ಬಂದಿತ್ತು. ಘಾಟಿ ಹತ್ತುವಾಗ ಬ್ಯಾಟರಿ ಬೇಗ ಖಾಲಿಯಾಗುತ್ತದೆ, ಇಳಿಯುವಾಗ ಅದರಲ್ಲಿ ಸ್ವಲ್ಪ ಮರಳಿ ಬರುತ್ತದೆ ಅಷ್ಟೆ. ರಾತ್ರಿ ಕಾರಿನ ಜೊತೆ ಬಂದ ಚಾರ್ಜರನ್ನು 15 ಆಂಪ್ಸ್ ಪ್ಲಗ್ಗಿಗೆ ಹಾಕಿದರೆ ಕೆಂಪು ದೀಪ ಮಿನುಗಿತಂತೆ. ಬೇರೆ ಪ್ಲಗ್ ನೋಡಿದರು, ಅಲ್ಲೂ ಕೆಂಪು. ಮನೆಯ ಯಾವ ಮೂಲೆಯ ಕರೆಂಟನ್ನೂ ಕಾರು ತೆಗೆದುಕೊಳ್ಳಲಿಲ್ಲ. ಬೆಳಿಗ್ಗೆ ಅವರು ತಿಂಡಿಗೂ ಕೂರದೆ ಚಾರ್ಜಿಂಗ್ ಸ್ಟೇಷನ್ ಹುಡುಕಿಕೊಂಡು ಹೊರಟುಬಿಟ್ಟರು. ಹೋಂಸ್ಟೇ ನಡೆಸುವ ಸಾಹುಕಾರರಿಗೆ ಅದು ಮನಸ್ಸಿಗೆ ಹತ್ತಿತು. ಬಂದವರು ಹಸಿದುಕೊಂಡು ಹೋದರಲ್ಲ ಎಂಬ ಸಂಕಟ ನಿಜವಾದದ್ದೇ, ಅವರು ಅಂಥ ಮನುಷ್ಯರು. "ಎಷ್ಟಾದರೂ ಆಗಲಿ, ಚಾರ್ಜರ್ ಹಾಕಿಸೋಣ, ಬೇಗ ಬಾ ಮಾರಾಯ" ಎಂದು ಫೋನ್ ಮಾಡಿದರು.

ಹಿಂದೆ ಫೋನ್ ಮಾಡಿದವರು ಜಲಪಾತ ಹತ್ತಿರವಿದೆಯೇ, ಕಾಲಿಗೆ ಜಿಗಣೆ ಹತ್ತುತ್ತದೆಯೇ ಎಂದು ಕೇಳುತ್ತಿದ್ದರಂತೆ. ಈಗ ಕಾರು ಚಾರ್ಜ್ ಮಾಡಬಹುದೇ ಎಂದು ಕೇಳುವವರೂ ಇದ್ದಾರೆ. ದೇಶದಲ್ಲಿ ಮೊದಲು ಎಲೆಕ್ಟ್ರಿಕ್ ವಾಹನ ನೀತಿ ತಂದದ್ದು ನಮ್ಮ ರಾಜ್ಯ, 2017ರಲ್ಲಿ. ಅತಿಥಿಗಳಿಗೆ ಕರೆಂಟ್ ಮಾರಿದಂತಾಗುವುದಿಲ್ಲವೇ, ಲೈಸೆನ್ಸ್ ಬೇಕಲ್ಲವೇ ಎಂಬ ಅನುಮಾನ ಸಾಹುಕಾರರಿಗಿತ್ತು. ವಾಹನ ಚಾರ್ಜ್ ಮಾಡಿಕೊಡುವುದು ಸೇವೆಯೇ ಹೊರತು ವಿದ್ಯುತ್ ಮಾರಾಟವಲ್ಲ, ಅದಕ್ಕೆ ಲೈಸೆನ್ಸ್ ಬೇಡ ಎಂದು ಕೇಂದ್ರದ ಇಂಧನ ಸಚಿವಾಲಯ 2018ರಲ್ಲೇ ಹೇಳಿದೆ. ಅದನ್ನು ತಿಳಿಸಿದ ಮೇಲೆ ಸಮಾಧಾನವಾಯಿತು.

ನಾನು ಹೋಗುವಷ್ಟರಲ್ಲಿ 7.2 ಕಿಲೋವ್ಯಾಟ್‌ನ ಚಾರ್ಜರ್ ಪೆಟ್ಟಿಗೆ ಬಂದು ಜಗಲಿಯಲ್ಲಿ ಕೂತಿತ್ತು. ಪೂರ್ತಿ ಓಡಿದರೆ ಅದು 32 ಆಂಪ್ಸ್ ಎಳೆಯುತ್ತದೆ. ಸಂಜೆ ಅತಿಥಿಗಳೆಲ್ಲ ಒಟ್ಟಿಗೆ ಗೀಸರ್ ಹಾಕುವ ಮನೆಯಲ್ಲಿ, ಊರಿಗೆಲ್ಲ ಸೇರಿ ಇರುವ 25 ಕೆವಿಎ ಟ್ರಾನ್ಸ್‌ಫಾರ್ಮರಿನ ಕೆಳಗೆ, ಇದು ಸಣ್ಣ ಹೊರೆಯಲ್ಲ. ಮಂಜೂರಾದ ಲೋಡ್ ಹೆಚ್ಚಿಸಲು ಅರ್ಜಿ ಹಾಕಬೇಕು. ಅಲ್ಲಿಯವರೆಗೆ ಪೆಟ್ಟಿಗೆಯನ್ನು 16 ಆಂಪ್ಸ್‌ಗೆ ಇಳಿಸಿ ಇಡೋಣ ಎಂದೆ. ರಾತ್ರಿ ತಂಗುವವರಿಗೆ ಅಷ್ಟು ಸಾಕು. ಗಂಟೆಗೆ 3 ಯೂನಿಟ್ ಹೋದರೂ ಹತ್ತು ಗಂಟೆಗೆ 30 ಯೂನಿಟ್. ಮೊದಲು ಬಂದ ನೆಕ್ಸಾನ್ ಇವಿಯ ಬ್ಯಾಟರಿ ಇದ್ದದ್ದೇ 30.2 ಯೂನಿಟ್‌ನದು.

ಆದರೆ ಪೆಟ್ಟಿಗೆ ಗೋಡೆಗೆ ಏರುವ ಮೊದಲು ಕೆಂಪು ದೀಪ ಯಾಕೆ ಬಂತು ಎಂದು ತಿಳಿಯಬೇಕಿತ್ತು. ಮೀಟರ್ ಹಿಡಿದೆ. ಕರೆಂಟ್ ತರುವ ಫೇಸಿಗೂ ಅದು ಮರಳುವ ನ್ಯೂಟ್ರಲ್ಲಿಗೂ ನಡುವೆ 212 ವೋಲ್ಟ್, ಸರಿ. ನ್ಯೂಟ್ರಲ್ಲಿಗೂ, ಸೋರಿದ ಕರೆಂಟನ್ನು ನೆಲಕ್ಕಿಳಿಸುವ ಅರ್ತಿಗೂ ನಡುವೆ ಒಂದೆರಡು ವೋಲ್ಟ್ ಇರಬೇಕಾದಲ್ಲಿ 60ರ ಮೇಲೆ ತೋರಿಸುತ್ತಿತ್ತು. ಅರ್ತ್ ತಂತಿ ಮನೆಯೆಲ್ಲ ಸುತ್ತಿದೆ, ನೆಲ ಮಾತ್ರ ಮುಟ್ಟಿಲ್ಲ ಎಂದು ಅರ್ಥ. ಅರ್ತ್ ಸರಿಯಿಲ್ಲದ ಕಡೆ ಚಾರ್ಜರ್ ಕರೆಂಟ್ ತೆಗೆದುಕೊಳ್ಳುವುದಿಲ್ಲ, ಕೆಂಪು ದೀಪ ಬಂದದ್ದು ಅದಕ್ಕೇ. ಅಷ್ಟೇ ಅಲ್ಲ, ಎಲ್ಲೋ ಒಂದು ಯಂತ್ರ ಆ ತಂತಿಗೆ ಕರೆಂಟ್ ಸೋರಿಸುತ್ತಿದೆ. ಒಂದೊಂದೇ ಪ್ಲಗ್ ಕೀಳುತ್ತಾ ಹೋದೆ. ಅಡುಗೆಮನೆಯ ಗ್ರೈಂಡರ್ ಪ್ಲಗ್ ಕಿತ್ತಾಗ ಅಂಕೆ ಇಳಿಯಿತು.

ಗ್ರೈಂಡರ್ ಮುಂದೆ ನೆಲದ ಮೇಲೆ ಒಂದು ಹಲಗೆ. ಹಲಸಿನ ಮರದ್ದು, ನಡುವೆ ಎರಡು ಪಾದದ ಗುರುತು ನುಣುಪಾಗಿ ಸವೆದಿದೆ. ಅಕ್ಕ ಅದರ ಮೇಲೆ ನಿಂತು ಅಕ್ಕಿಯನ್ನು ಕಲ್ಲಿಗೆ ಹಾಕುವಾಗ ಎಡಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡಿದ್ದರು. ಹಿಟ್ಟು ಬಳಿಯುವ ಮೊದಲು ಬಲಗೈಯ ಹಿಂಭಾಗವನ್ನು ಒಮ್ಮೆ ಗ್ರೈಂಡರಿನ ಮೈಗೆ ತಾಗಿಸಿ ತೆಗೆದರು. ನಮ್ಮ ಕಸುಬಿನ ಹಳಬರು ಹಾಗೆ ಮಾಡುತ್ತಾರೆ. ಅಂಗೈಯಿಂದ ಮುಟ್ಟಿದರೆ ಕೈ ಮುಷ್ಟಿ ಹಿಡಿದು ಬಿಡಿಸಿಕೊಳ್ಳಲು ಆಗುವುದಿಲ್ಲ. ಇವರಿಗೆ ಅದನ್ನು ಯಾರು ಕಲಿಸಿದರು?

"ಶಾಕ್ ಹೊಡೆಯುತ್ತದೆಯೇ ಅಕ್ಕ?"

"ಶಾಕ್ ಅಲ್ಲ ತಮ್ಮ, ಸ್ವಲ್ಪ ಜುಮ್ ಎನ್ನುತ್ತದೆ ಅಷ್ಟೆ. ಮಳೆಗಾಲದಲ್ಲಿ ಜಾಸ್ತಿ."

"ಸಾಹುಕಾರರಿಗೆ ಹೇಳಲಿಲ್ಲವೇ?"

"ಹೇಳಿದ್ದೆನಲ್ಲ. ಹಲಗೆ ಕೊಟ್ಟಿದ್ದೇ ಅವರು."

ಈ ಕೊನೆಯ ಮಾತನ್ನು ನನಗೆ ನುಂಗಿಕೊಳ್ಳಲು ಆಗುತ್ತಿಲ್ಲ. ಸಾಹುಕಾರರು ಕೆಟ್ಟವರಲ್ಲ. ಅಕ್ಕನ ಮಗಳ ಮದುವೆಗೆ ಮುಂದೆ ನಿಂತವರು, ನನ್ನ ಕೂಲಿಯನ್ನು ಒಮ್ಮೆಯೂ ಬಾಕಿ ಇಟ್ಟವರಲ್ಲ. ಹೇಳಿದಾಗ ಕೇಳಿಸಿಕೊಂಡಿದ್ದಾರೆ, ಕನಿಕರವೂ ಆಗಿದೆ, ಒಳ್ಳೆಯ ಹಲಗೆಯನ್ನೇ ಹುಡುಕಿ ಕೊಟ್ಟಿದ್ದಾರೆ. ಅದರ ಬದಲು ಒಬ್ಬ ವೈರ್‌ಮನ್‌ಗೆ ಒಂದು ಫೋನ್ ಹೋಗಬೇಕಿತ್ತು. ಕಾರು ಒಂದೇ ರಾತ್ರಿ ಬೇಡ ಎಂದದ್ದಕ್ಕೆ ಫೋನ್ ಬಂತು. ಅಕ್ಕ ಎಷ್ಟು ಮಳೆಗಾಲದಿಂದ ಹೇಳಿದ್ದಾರೋ, ಹಲಗೆ ಬಂತು.

ಮನುಷ್ಯರ ಮೈಗೆ 1 ಮಿಲಿಆಂಪ್ ಆಸುಪಾಸಿನ ಕರೆಂಟ್ ಹರಿದರೆ ಜುಮ್ ಎನ್ನುತ್ತದೆ. 10ರ ಹತ್ತಿರ ಬಂದರೆ ಹಿಡಿದದ್ದನ್ನು ಬಿಡಲು ಆಗುವುದಿಲ್ಲ. 30 ದಾಟಿದರೆ ಉಸಿರಿಗೆ, ಎದೆಗೆ ಕುತ್ತು. ಒಣ ನೆಲ, ಚಪ್ಪಲಿ, ಹಲಗೆ ಇದ್ದಾಗ ಒಂದು ಲೆಕ್ಕ. ಆಷಾಢದಲ್ಲಿ ನೆಲವೆಲ್ಲ ಪಸೆ ಒಡೆದಿರುವಾಗ, ಒದ್ದೆ ಕೈಯಲ್ಲಿ ಲೆಕ್ಕವೇ ಬೇರೆ. ಅದೇ ಅರ್ತ್ ತಂತಿ ಅತಿಥಿಗಳ ಸ್ನಾನದ ಮನೆಯ ಗೀಸರಿಗೂ ಹೋಗಿದೆ ಎಂದಾಗಲೇ ಸಾಹುಕಾರರ ಮುಖ ಬಿಳಿಚಿಕೊಂಡಿತು.

ಸಾಹುಕಾರರ ಮಗ ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಓದುವವನು, ಚುರುಕು ಹುಡುಗ, ಆದರೆ ಎಲ್ಲದಕ್ಕೂ ಅವಸರ. ವಿಡಿಯೊ ನೋಡಿ ಒಂದು ಪ್ಲಗ್ ತಯಾರಿಸಿ ಇಟ್ಟಿದ್ದ. ಅದರೊಳಗೆ ನ್ಯೂಟ್ರಲ್ಲಿಗೂ ಅರ್ತಿಗೂ ಒಂದು ತುಂಡು ತಂತಿ ಸೇರಿಸಿದ್ದ. "ಇದನ್ನು ಹಾಕಿದರೆ ಹಸಿರು ದೀಪ ಬರುತ್ತದೆ ಅಣ್ಣ, ಅರ್ತಿಗೆ ಗುಂಡಿ ಗಿಂಡಿ ತೋಡುವುದು ಬೇಡ" ಎಂದ. ಹಸಿರು ಬರುವುದು ನಿಜ. ಆದರೆ ನಮ್ಮ ಕಡೆ ಜುಲೈನಲ್ಲಿ ಲೈನಿನ ಮೇಲೆ ಮರ ಬೀಳದ ವಾರ ಇದೆಯೇ? ಕಂಬದಲ್ಲಿ ನ್ಯೂಟ್ರಲ್ ಒಂದೇ ತುಂಡಾಗಿ ಫೇಸ್ ಉಳಿದರೆ, ಮನೆಯ ದೀಪ, ಫ್ರಿಜ್‌ಗಳ ಮೂಲಕ ಪೂರ್ತಿ ಕರೆಂಟ್ ಆ ನ್ಯೂಟ್ರಲ್ಲಿಗೆ ಬರುತ್ತದೆ. ಅಲ್ಲಿಂದ ಆ ತುಂಡು ತಂತಿಯ ಮೂಲಕ ಕಾರಿನ ಮೈಗೆ. ಮಳೆಯಲ್ಲಿ ನಿಂತು ಬಾಗಿಲು ತೆಗೆಯಲು ಹೋದವರ ಕಥೆ ಏನು? ಅವನು ಒಳ್ಳೆಯ ಹುಡುಗ, ಬಿಡಿಸಿ ಹೇಳಿದ ಮೇಲೆ ತಾನೇ ಆ ಪ್ಲಗ್ಗಿನ ತಂತಿ ಕಿತ್ತುಹಾಕಿದ. ಆ ವಿಡಿಯೊ ಮಾಡಿದವರ ಮೇಲೆ ಮಾತ್ರ ನನಗೆ ಕೋಪ ಇಳಿದಿಲ್ಲ.

ಹಳೆಯ ಅರ್ತ್ ಪೈಪ್ ಸಿಕ್ಕಿದ್ದು ಅಂಗಳದಲ್ಲಿ. ಕಾರು ನಿಲ್ಲಿಸಲು ಇಂಟರ್‌ಲಾಕ್ ಹಾಸುವಾಗ ಅಡ್ಡವಾಯಿತೆಂದು ಕೆಲಸದವರು ಅದನ್ನು ನೆಲಮಟ್ಟಕ್ಕೆ ಕೊಯ್ದು ಮೇಲೆ ಕಲ್ಲು ಮುಚ್ಚಿದ್ದರು. ಗೋಡೆಯಿಂದ ಇಳಿದ ತಂತಿಯ ತುದಿ ಗಾಳಿಯಲ್ಲಿ ನೇತಾಡುತ್ತಿತ್ತು. ಹಿತ್ತಲಲ್ಲಿ ತೇವ ಆರದ ಜಾಗ ನೋಡಿ ಎರಡು ಗುಂಡಿ ತೆಗೆಸಿದೆ, ಎರಡನ್ನೂ ಜೋಡಿಸಿದೆ. ಅರ್ತಿನ ತಡೆಯ ರೀಡಿಂಗ್ 4 ಓಮ್‌ಗೆ ಇಳಿಯಿತು. ಚಾರ್ಜರಿಗೆ ಮೀಟರ್ ಬೋರ್ಡಿನಿಂದಲೇ ಬೇರೆ ಲೈನ್, 6 ಚದರ ಮಿಲಿಮೀಟರಿನ ತಾಮ್ರದ ಕೇಬಲ್, ಅದಕ್ಕೇ ಒಂದು ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದರೆ ತಾನೇ ಆರುವ ಸ್ವಿಚ್. ಇಡೀ ಮನೆಗೆ ಇನ್ನೊಂದು ಆರ್‌ಸಿಸಿಬಿ ಬೇಕು ಎಂದೆ. ಫೇಸಿನಲ್ಲಿ ಹೋದ ಕರೆಂಟಿಗೂ ನ್ಯೂಟ್ರಲ್ಲಿನಲ್ಲಿ ಮರಳಿದ ಕರೆಂಟಿಗೂ 30 ಮಿಲಿಆಂಪ್ ವ್ಯತ್ಯಾಸ ಬಂದರೆ ಅದು ಕಣ್ಣು ಮಿಟುಕಿಸುವಷ್ಟರಲ್ಲಿ ಲೈನ್ ಕಡಿಯುತ್ತದೆ.

ಸಾಹುಕಾರರು ಒಂದು ಗಳಿಗೆ ಯೋಚಿಸಿದರು. "ಕಾರಿಗೆ ಒಂದು ಸಾಕಲ್ಲವೇ ಮಾರಾಯ?"

ಸಾಲದು ಎಂದೆ. ದನಿ ಸ್ವಲ್ಪ ಗಟ್ಟಿಯಾಗಿಯೇ ಬಂದಿರಬೇಕು, ಅವರು ಮರುಮಾತಾಡದೆ ಹೂಂ ಎಂದರು.

ಎಲ್ಲ ಹಾಕಿ ಮೇನ್ ಕೊಟ್ಟಾಗ ಚಾರ್ಜರಿನಲ್ಲಿ ಹಸಿರು ದೀಪ ಬಂತು. ಆಮೇಲೆ ಅಕ್ಕ ಗ್ರೈಂಡರ್ ಸ್ವಿಚ್ ಹಾಕಿದರು, ಇಡೀ ಮನೆ ಟಪ್ ಎಂದು ಆರಿತು. ಮತ್ತೆ ಹಾಕಿದರೆ ಮತ್ತೆ ಆರಿತು. "ಚಾರ್ಜರ್ ಬಂತು, ನಾಳೆ ನೀರುದೋಸೆಗೆ ಹಿಟ್ಟೇ ಇಲ್ಲದಂತಾಯಿತು" ಎಂದು ಸಾಹುಕಾರರು ಗೊಣಗಿದರು. ಅಕ್ಕ ಗ್ರೈಂಡರನ್ನೇ ನೋಡುತ್ತಾ, "ಇಷ್ಟು ದಿನ ನನಗೆ ಗೊತ್ತಾಗುತ್ತಿದ್ದದ್ದು ಈಗ ಇದಕ್ಕೂ ಗೊತ್ತಾಯಿತೇ?" ಎಂದು ಕೇಳಿದರು. ಹೌದಕ್ಕ ಎಂದೆ, ಬೇರೆ ಏನು ಹೇಳುವುದು? ಮೋಟರಿನ ವೈಂಡಿಂಗ್ ಒಳಗೆ ಅಕ್ಕಿ ನೀರು ಇಳಿದು ಇನ್ಸುಲೇಷನ್ ಹೋಗಿತ್ತು. ಮೋಟರ್ ಬಿಚ್ಚಿ ಮೂಡಿಗೆರೆಗೆ ತಂದು ರಿವೈಂಡಿಂಗ್‌ಗೆ ಕೊಟ್ಟಿದ್ದೇನೆ.

ಈ ಸೀಮೆಯಲ್ಲಿ ಮೆಣಸು ಕೊಯ್ಯುವಾಗ ಅಲ್ಯೂಮಿನಿಯಂ ಏಣಿ ತಂತಿಗೆ ತಾಗಿ ಕೂಲಿಯವರು ಸತ್ತ ಸುದ್ದಿಯನ್ನು ಎಲ್ಲರೂ ಓದಿದ್ದಾರೆ. ಆ ಎರಡು ಸಾಲು ಪತ್ರಿಕೆಗೆ ಬರುವುದು ಜೀವ ಹೋದ ಮೇಲೆ. ಜೀವ ಹೋಗುವ ಮೊದಲಿನದನ್ನು ನಾನು ದಿನವೂ ನೋಡುತ್ತೇನೆ. ಪಂಪ್‌ಹೌಸಿನ ಸ್ಟಾರ್ಟರನ್ನು ಒಣ ಕೋಲಿನಿಂದ ಒತ್ತುವ ಆಳುಗಳು, ತಗಡಿಗೆ ಕೈ ತಾಗದಂತೆ ಓಡಾಡುವ, ತೋಟದ ಕೆಲಸದವರ ಲೈನ್ ಮನೆಯ ಮಕ್ಕಳು, ಬಟ್ಟೆ ಒಗೆಯುವ ಯಂತ್ರವನ್ನು ರಬ್ಬರ್ ಚಪ್ಪಲಿ ಹಾಕಿಕೊಂಡೇ ಮುಟ್ಟುವ ಹೆಂಗಸರು. ಯಾರನ್ನು ಕೇಳಿದರೂ ಏನೂ ಇಲ್ಲ ಎನ್ನುತ್ತಾರೆ. ಚಾರ್ಜರಿಗೆ ಹೀಗೆ ಹೊಂದಿಕೊಂಡು ಹೋಗುವ ಅಭ್ಯಾಸವಿಲ್ಲ. ಸುರಕ್ಷಿತವಲ್ಲದ್ದನ್ನು ಅದು ತೆಗೆದುಕೊಳ್ಳುವುದಿಲ್ಲ, ಅದರ ಮಾತನ್ನು ಯಾರೂ ತಳ್ಳಿಹಾಕುವುದಿಲ್ಲ. ಈ ಕಾರುಗಳು ಮಲೆನಾಡಿನ ಮೂಲೆ ಮೂಲೆಗೂ ಬರಲಿ ಎಂದು ನಾನು ಮನಸಾರೆ ಬಯಸುವುದು ಹೊಗೆಯ ಲೆಕ್ಕದಿಂದಷ್ಟೇ ಅಲ್ಲ. ಅವುಗಳ ನೆಪದಲ್ಲಾದರೂ ನಮ್ಮ ಮನೆಗಳ ಅರ್ತ್ ತಂತಿ ನೆಲ ಮುಟ್ಟೀತು. ಆದರೆ ನೆಪ ಬೇಕಾಯಿತಲ್ಲ ಎಂಬುದು ನೋಯಿಸುತ್ತದೆ.

ನಿನ್ನೆ ಕಳಸದ ಕಡೆಯ ಇನ್ನೊಂದು ಹೋಂಸ್ಟೇಯಿಂದ ಕರೆ ಬಂತು. ಅವರಿಗೂ ಚಾರ್ಜರ್ ಬೇಕಂತೆ, ಬೇರೆ ಏನೂ ಮುಟ್ಟುವುದು ಬೇಡ, ಖರ್ಚಾಗುತ್ತದೆ ಎಂದರು. ಅಡುಗೆಮನೆ, ಪಂಪ್‌ಹೌಸ್, ಕೆಲಸದವರ ಮನೆಯ ಲೈನ್ ಮೂರನ್ನೂ ಮೊದಲು ನೋಡುತ್ತೇನೆ, ಆಮೇಲೆ ಚಾರ್ಜರ್, ಒಪ್ಪಿಗೆಯಾದರೆ ಬರುತ್ತೇನೆ ಎಂದಿದ್ದೇನೆ. ನೋಡುವುದಕ್ಕೆ ದುಡ್ಡು ಬೇಡ ಎಂದೂ ಹೇಳಿದ್ದೇನೆ. ಯೋಚಿಸಿ ಹೇಳುತ್ತೇವೆ ಎಂದು ಫೋನ್ ಇಟ್ಟರು.